ದ್ರಾಸ್ ದಾರಿಯ ಲಾರಿ

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಗಣೇಶ ಹಬ್ಬದ ಬಗ್ಗೆ ಬರೆಯಲೆಂದೇ ಕುಳಿತೆ, ಆದರೆ ಭಾನುವಾರ ಕನ್ನಡ ತರಗತಿಯಲ್ಲಿ ಕೇಳಿದ ಮಾತೊಂದು ಬಿಡುತ್ತಿಲ್ಲ. ಸ್ವಾತಂತ್ರ್ಯ ದಿನದ ಛದ್ಮವೇಷಕ್ಕೆ ಮಕ್ಕಳು ಹೆಸರು ಕೊಡುತ್ತಿದ್ದರು. ಎಲ್ಲರಿಗೂ ಬಂದೂಕು ಹಿಡಿದ ಸೈನಿಕನಾಗುವ ಆಸೆ. ಒಬ್ಬರು ಸೇನೆಯ ಲಾರಿ ಚಾಲಕರಾಗಬಹುದಲ್ಲ ಎಂದೆ. "ಲಾರಿ ಓಡಿಸುವವರು ಯುದ್ಧ ಮಾಡುವುದಿಲ್ಲವಲ್ಲ, ಆಂಟಿ" ಎಂದಿತು ಒಂದು ಮಗು.

ಕಾರ್ಗಿಲ್ ಯುದ್ಧ ನಡೆದ 1999ರ ಮೇ, ಜೂನ್ ತಿಂಗಳುಗಳಲ್ಲಿ ಮುಳಬಾಗಿಲು ಹತ್ತಿರದ ನಮ್ಮ ಊರಿನಲ್ಲಿ ಅಜ್ಜಿಯೂ ಹೀಗೆಯೇ ಹೇಳುತ್ತಿದ್ದರು. ವಿಚಾರಿಸಲು ಬಂದವರಿಗೆಲ್ಲ "ನನ್ನ ಮಗ ಬರೀ ಲಾರಿ ಓಡಿಸುತ್ತಾನೆ, ಗುಂಡು ಹಾರಿಸುವ ಕಡೆ ಹೋಗುವುದಿಲ್ಲ" ಎನ್ನುವರು. ಸೋದರಮಾವ ಅಂಥ ಕಡೆ ಇದ್ದಾರೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಾಗದದ ಮೇಲಿನ ವಿಳಾಸ ಕೇರ್ ಆಫ್ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಅದರಿಂದ ಊರು ತಿಳಿಯದು, ಬೆಟ್ಟವೂ ತಿಳಿಯದು.

ಮಾವ ಮೊದಲು ನಂಗಲಿ ದಾಟಿ ಮದರಾಸಿಗೆ ಟೊಮೆಟೊ ಒಯ್ಯುವ ಲಾರಿಯಲ್ಲಿ ಕ್ಲೀನರ್ ಆಗಿದ್ದರು. ಆಮೇಲೆ ಆರ್ಮಿ ಸರ್ವಿಸ್ ಕೋರ್ ಸೇರಿ, ಬೆಂಗಳೂರಿನಲ್ಲಿ ತರಬೇತಿ ಪಡೆದು ಚಾಲಕರಾದರು. ಸೇನೆಗೆ ಅಕ್ಕಿ, ಗೋಧಿ ಹಿಟ್ಟು, ಸೀಮೆಎಣ್ಣೆ, ಮದ್ದುಗುಂಡು ಮುಟ್ಟಿಸುವವರು ಇವರೇ. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ ಚಳಿಗಾಲದಲ್ಲಿ ಹಿಮದಡಿ ಮುಚ್ಚಿಹೋಗುತ್ತಿದ್ದ ಕಾಲ ಅದು. ವರ್ಷದ ಸಾಮಾನೆಲ್ಲ ಬೇಸಿಗೆಯಲ್ಲೇ ಸಾಗಬೇಕು. ಆ ಬೇಸಿಗೆಯಲ್ಲೇ ಯುದ್ಧ ಬಂತು.

11,575 ಅಡಿ ಎತ್ತರದ ಜೋಜಿ ಲಾ ಕಣಿವೆದಾರಿ ಹತ್ತಿ ಇಳಿದರೆ ಮಟಾಯನ್ ಹಳ್ಳಿ, ಆಮೇಲೆ ದ್ರಾಸ್ ಊರು. ತೊಲೊಲಿಂಗ್ ಶಿಖರದ ಮೇಲೆ ಕುಳಿತ ಶತ್ರುವಿಗೆ ಕೆಳಗಿನ ರಸ್ತೆ ಅಂಗೈಯಷ್ಟು ನಿಚ್ಚಳ. ಹಗಲು ಲಾರಿ ಕಂಡರೆ ಫಿರಂಗಿ ಗುಂಡು ಬೀಳುತ್ತಿತ್ತು. ಹಾಗಾಗಿ ರಾತ್ರಿಯ ಪ್ರಯಾಣ, ಅದೂ ಹೆಡ್‌ಲೈಟ್ ಇಲ್ಲದೆ. ಮಾವ ಹೇಳಿದ್ದು: ಮುಂದಿನ ಲಾರಿಯ ಹಿಂಬದಿಯ ಡಿಫರೆನ್ಷಿಯಲ್, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರ್ ಉಂಡೆಯ ಮೇಲೆ ಬಳಿದ ಬಿಳಿ ಬಣ್ಣವನ್ನೇ ನೋಡುತ್ತ ಗಾಡಿ ಬಿಡಬೇಕು. ತೀರ ಹತ್ತಿರ ಹೋದರೆ ಒಂದೇ ಗುಂಡಿಗೆ ಎರಡೂ ಹೋಗುತ್ತವೆ, ದೂರ ಉಳಿದರೆ ಬಿಳಿ ಮಾಯವಾಗುತ್ತದೆ. ಎಷ್ಟೇ ಚಳಿಯಾದರೂ ಕಿಟಕಿಯ ಗಾಜು ಇಳಿಸಿರುತ್ತಿದ್ದರು, ಗುಂಡು ಬರುವ ಶಿಳ್ಳೆ ಕೇಳಬೇಕಲ್ಲ. ಒಂದು ಗಾಡಿ ಕೆಟ್ಟು ನಿಂತರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ ಎಂದು ಅದನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತಿದ್ದರಂತೆ. ಹಿಂದೆ ತುಂಬಿದ್ದು ಬೊಫೋರ್ಸ್ ಫಿರಂಗಿಯ ಗುಂಡುಗಳು, ಒಂದೊಂದೂ ಸುಮಾರು 43 ಕಿಲೋ. ಆ ಯುದ್ಧದಲ್ಲಿ ನಮ್ಮ ಫಿರಂಗಿ ದಳ ಎರಡೂವರೆ ಲಕ್ಷಕ್ಕೂ ಹೆಚ್ಚು ಗುಂಡು, ರಾಕೆಟ್‌ಗಳನ್ನು ಹಾರಿಸಿತು. ಅವುಗಳಲ್ಲಿ ಯಾವುದೂ ತಾನಾಗಿ ಬೆಟ್ಟ ಹತ್ತಿರಲಿಲ್ಲ. ಹಿಂದಿರುಗುವಾಗ ಲಾರಿಯಲ್ಲಿ ಯಾರಿರುತ್ತಿದ್ದರು ಎಂದು ನಾನೊಮ್ಮೆ ಕೇಳಿದೆ. ಮಾವ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು.

ಜೂನ್ 13ರಂದು ತೊಲೊಲಿಂಗ್ ನಮ್ಮ ಕೈಸೇರಿತು, ಜುಲೈ 4ರಂದು ಟೈಗರ್ ಹಿಲ್. ಆ ಶಿಖರಗಳನ್ನು ಹತ್ತಿದವರಿಗೆ ನಮಿಸುವಾಗ ಕೆಳಗಿನ ರಸ್ತೆಯಲ್ಲಿದ್ದವರನ್ನೂ ನೆನೆಯದಿದ್ದರೆ ಅದು ಅನ್ಯಾಯ. ಈ ಸಲದ ಭಾಷಣದಲ್ಲಿ ಅವರ ಮಾತೂ ಬರಲೇಬೇಕು ಎಂದು ಸಮಿತಿಯನ್ನು ಕೇಳಿಕೊಂಡಿದ್ದೇನೆ.

ಪುಟ ಮುಗಿಯುತ್ತಿದೆ, ಇನ್ನು ಸೂಚನೆಗಳು. ಧ್ವಜಾರೋಹಣ ಶನಿವಾರ ಬೆಳಿಗ್ಗೆ 10ಕ್ಕೆ, ಉದ್ಯಾನದಲ್ಲಿ. ಉಪಾಹಾರಕ್ಕೆ ಉಪ್ಪಿಟ್ಟು, ಕೇಸರಿಬಾತ್. ಛದ್ಮವೇಷದ ರಟ್ಟಿನ ಲಾರಿಗೆ ಫ್ರಿಜ್ ಬಂದ ದೊಡ್ಡ ಪೆಟ್ಟಿಗೆ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ. ವರಮಹಾಲಕ್ಷ್ಮಿ ಅರಿಶಿನ ಕುಂಕುಮಕ್ಕೆ ಎಲ್ಲರೂ ಬನ್ನಿ. ಗಣೇಶನ ಹಬ್ಬಕ್ಕೆ ಕಡುಬು ಮಾಡಿಕೊಡುವವರು ಬೇಗ ಹೆಸರು ಕೊಡಿ. ಗ್ರಂಥಾಲಯದ ಪುಸ್ತಕ ಹಿಂದಿರುಗಿಸಿ. ಊರಿನಿಂದ ಬಂದಿರುವ ತಂದೆ ತಾಯಂದಿರನ್ನು ಕಾರ್ಯಕ್ರಮಗಳಿಗೆ ಕರೆತರಲು ಕಾರು ಇರುವವರು ಬೇಕಾಗಿದ್ದಾರೆ.

ನಿಮ್ಮ ಮನೆಯಲ್ಲಿ ಸೇನೆಯ ಚಾಲಕರು, ಅಡುಗೆಯವರು, ತಂತಿ ಎಳೆದವರು, ದಾದಿಯರು ಇದ್ದರೆ ಅವರ ಬಗ್ಗೆ ಅರ್ಧ ಪುಟವಾದರೂ ಬರೆದು ಕಳುಹಿಸಿ, ಮುಂದಿನ ಸಂಚಿಕೆಗೆ ಈ ತಿಂಗಳ 20ರೊಳಗೆ. ಕನ್ನಡ ಬೆರಳಚ್ಚು ಬಲ್ಲವರು ಒಬ್ಬರಾದರೂ ಜೊತೆಗೂಡಬೇಕು; ಇಷ್ಟೂ ಪುಟಗಳನ್ನು ಒಬ್ಬಳೇ ಮಾಡಲು ಈಗ ನನ್ನಿಂದ ಆಗುತ್ತಿಲ್ಲ.