ಕೊನೆಗೌಡ್ರಿಗೆ, ಎರಡು ವರ್ಷ ತುಂಬಿದ ವಾರ

ಈ ವಾರಕ್ಕೆ ನಾನು ಕುಡಿತ ಬಿಟ್ಟು ಎರಡು ವರ್ಷ. 2023ರ ಜುಲೈ ಮೂರನೇ ವಾರದಿಂದ ಲೆಕ್ಕ. ಆಗ ಏನೇನಾಯಿತು, ಎಷ್ಟು ಕಳೆದುಕೊಂಡೆ, ಎಷ್ಟು ದಿನ ಆಸ್ಪತ್ರೆಯಲ್ಲಿದ್ದೆ ಎಂಬುದೆಲ್ಲ ಇದನ್ನು ಓದುವ ಹೆಚ್ಚಿನವರಿಗೆ ಗೊತ್ತಿದ್ದದ್ದೇ. ಅದನ್ನು ಮತ್ತೆ ಬರೆಯುವುದಿಲ್ಲ. ಹೇಳದೇ ಉಳಿದ ಋಣ ಒಂದಿಷ್ಟಿದೆ, ಅದನ್ನು ಹೇಳಬೇಕು. ಯಾರ ಹೆಸರನ್ನೂ ಹಾಕುತ್ತಿಲ್ಲ. ನಾನು ಸೇರಿದ್ದು ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟಕ್ಕೆ, ನಾವೆಲ್ಲ ಎ.ಎ. ಅನ್ನುತ್ತೇವೆ. ಅಲ್ಲಿ ಕಂಡವರ ಹೆಸರು, ಅಲ್ಲಿ ಕೇಳಿದ ಮಾತು ಹೊರಗೆ ಬರಬಾರದು. ನನ್ನ ಹೆಸರೂ ಬೇಡ, ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಆಯಿಗೆ, ಎರಡು ತಿಂಗಳು ತನ್ನ ತೋಟ ಬಿಟ್ಟು ಬಂದು ನಮ್ಮ ತೋಟ ನೋಡಿಕೊಂಡ ಸಿದ್ದಾಪುರದ ಭಾವನಿಗೆ, ಸಾಲದ ಕಂತು ಕೇಳಲು ಬಂದು ನನ್ನ ಸ್ಥಿತಿ ನೋಡಿ ಕೇಳದೇ ಚಹಾ ಕುಡಿದು ಎದ್ದುಹೋದ ಸೊಸೈಟಿಯವರಿಗೆ, ಆಸ್ಪತ್ರೆಯ ಡಾಕ್ಟರಿಗೆ, ರಾತ್ರಿ ಪಾಳಿಯ ಸಿಸ್ಟರಿಗೆ ಕೈಮುಗಿಯುತ್ತೇನೆ. ಹೆಂಡತಿಗೆ ಹೇಳಬೇಕಾದದ್ದನ್ನು ಮನೆಯಲ್ಲಿ, ಅವಳ ಎದುರು ಕೂತು ಹೇಳಿದ್ದೇನೆ. ಇನ್ನೂ ಹೇಳಿ ಮುಗಿದಿಲ್ಲ.

ಉಳಿದದ್ದೆಲ್ಲ ನಮ್ಮ ಕೊನೆಗೌಡ್ರಿಗೆ. ಘಟ್ಟದ ಆಚೆಯವರಿಗೆ ಹೇಳುವುದಾದರೆ, ಮರ ಹತ್ತಿ ಅಡಿಕೆ ಕೊನೆ, ಅಂದರೆ ಗೊನೆ, ಇಳಿಸುವವರನ್ನು ನಮ್ಮ ಶಿರಸಿ ಕಡೆ ಕೊನೆಗೌಡ ಅನ್ನುತ್ತೇವೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವುದು, ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು, ಕೊನೆ ಕೊಯ್ಲು ಎಲ್ಲ ಅವರದೇ. ಬರೆಯಲೇ ಎಂದು ಕೇಳಿದ್ದಕ್ಕೆ "ಹೆಸ್ರು ಹಾಕ್ಬೇಡ, ಉಳಿದದ್ದು ಹಾಕು" ಅಂದಿದ್ದಾರೆ.

ಎರಡು ವರ್ಷದ ಹಿಂದಿನ ಆ ರಾತ್ರಿ ಕರೆಂಟ್ ಹೋಗಿ ಮೂರು ದಿನವಾಗಿತ್ತು. ಹಳ್ಳ ತುಂಬಿ, ಅದನ್ನು ದಾಟುವ ಕಾಲುಸಂಕದ ಮಟ್ಟಕ್ಕೆ ಬಂದಿತ್ತು. ರಸ್ತೆಗೆ ಮರ ಬಿದ್ದು ಜೀಪು ಬರುವಂತಿರಲಿಲ್ಲ. ದೇವರ ಎದುರು ಆಣೆ ಮಾಡಿ ಎರಡು ದಿನದ ಹಿಂದೆ ಕುಡಿತ ನಿಲ್ಲಿಸಿದ್ದೆ. ವರ್ಷಗಟ್ಟಲೆ ಕುಡಿದ ದೇಹ ಏಕಾಏಕಿ ಬಿಟ್ಟರೆ ಎರಡು ಮೂರನೇ ದಿನಕ್ಕೆ ನಡುಕ ಏರಿ, ಇಲ್ಲದ್ದು ಕಂಡು, ಫಿಟ್ಸ್ ಬಂದು ಜೀವವೇ ಹೋಗಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓದುವವರಲ್ಲಿ ಬಿಡಬೇಕೆಂದಿರುವವರು ಇದ್ದರೆ ದಯವಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಆಣೆ ಆಮೇಲೆ ಮಾಡಿ.

ಹೆಂಡತಿ ಅಂಗಳದ ತುದಿಗೆ ಹೋಗಿ ಹಳ್ಳದ ಆಚೆಯ ಮನೆಗೆ ಬ್ಯಾಟರಿ ಬೆಳಕು ಬಿಟ್ಟಳು. ಆ ಮಳೆಯಲ್ಲಿ, ಆ ಸಂಕ ದಾಟಿ, ಕಂಬಳಿ ಕೊಪ್ಪೆ ಹಾಕಿಕೊಂಡು ಗೌಡ್ರು ಬಂದರು. ನನ್ನನ್ನು ನೋಡಿದ ಕೂಡಲೇ ಅವರಿಗೆ ಅರ್ಥವಾಗಿತ್ತು. ಅವರೂ ಒಂದು ಕಾಲದಲ್ಲಿ ಅದೇ ದಾರಿಯಲ್ಲಿ ಬಂದವರು. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಸಾರಾಯಿ ನಿಂತಿತು, ಅವರ ಕುಡಿತ ನಿಲ್ಲಲಿಲ್ಲ. ಮುಂದೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಕುಡಿತ ಬಿಡಿಸಲು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದಮೇಲೆ ಮುಟ್ಟಿಲ್ಲ.

ಅವರು ಗೋಡೆಗೆ ಒರಗಿ ಕೂತು ನನ್ನ ಕೈ ಹಿಡಿದರು. ಗೋಡೆಯ ಮೇಲೆ ಏನೇನೋ ಹರಿಯುತ್ತಿದೆ ಎಂದು ನಾನು ಕೂಗುತ್ತಿದ್ದೆ. ಇಲ್ಲ ಎಂದು ಅವರು ವಾದಿಸಲಿಲ್ಲ. "ಒಡ್ಯಾ, ಇವತ್ತು ನಿದ್ದೆ ಬರೂದಿಲ್ಲ. ಬರದಿದ್ರೆ ಬ್ಯಾಡ. ತೋಟ ತಿರುಗುವಾ" ಅಂದರು. ಮೇಲಿನ ಸಾಲಿನ ಮೊದಲ ಮರದಿಂದ ಶುರು. ಸಿಡಿಲು ಬಡಿದದ್ದು ಯಾವುದು, ಹಳ್ಳದ ಕಡೆ ಬಾಗಿದ್ದು ಯಾವುದು, ಅಪ್ಪಯ್ಯ ನೆಟ್ಟದ್ದು ಯಾವುದು, ಯಾವ ಮರದಿಂದ ಯಾವ ಮರಕ್ಕೆ ದಾಟಲು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ. ನಾನು ಆ ಮರಗಳನ್ನು ಬುಡದಿಂದ ಬಲ್ಲೆ, ಅವರು ತುದಿಯಿಂದ ಬಲ್ಲರು. ಅವರು ಒಂದು ಮರ ಹೇಳಬೇಕು, ನಾನು ಮುಂದಿನದು ಹೇಳಬೇಕು. ನಾನು ತಪ್ಪಿದರೆ ಸಾಲಿನ ತಲೆಗೆ ವಾಪಸ್. ಹೀಗೆ ಎಷ್ಟು ಸಲ ತಿರುಗಿದೆವೋ ಗೊತ್ತಿಲ್ಲ. ನಡುನಡುವೆ ವಾಂತಿ, ಬೆವರು. ಅವರ ಕಂಬಳಿ ನನ್ನ ಮೇಲಿತ್ತು, ಅವರು ಒದ್ದೆಯಲ್ಲೇ ಇದ್ದರು. ಬೆಳಗಿನ ಜಾವ ಒಂದು ಹೊತ್ತಿನಲ್ಲಿ "ತಮಾ, ಮುಂದಿನ ಮರ ಹೇಳು" ಅಂದರು. ಹುಟ್ಟಿದಾಗಿನಿಂದ ನನ್ನನ್ನು ಒಡ್ಯಾ, ಅಂದರೆ ಒಡೆಯ, ಅಂದವರು ಆಗ ತಮ್ಮ ಅಂದರು. ಆ ಮೇಲೆ ಮತ್ತೆ ಒಡ್ಯಾ ಅಂದಿಲ್ಲ, ನಾನೂ ಅವರನ್ನು ಏಕವಚನದಲ್ಲಿ ಕರೆದಿಲ್ಲ.

ಬೆಳಕು ಹರಿದಮೇಲೆ ಇನ್ನಿಬ್ಬರನ್ನು ಕರೆತಂದು ಬಿದ್ದ ಮರ ಕಡಿಸಿ, ಜೀಪು ತರಿಸಿ, ಆಸ್ಪತ್ರೆಯವರೆಗೂ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದರು.

ಇದಿಷ್ಟನ್ನೇ ಬರೆದು ನಿಲ್ಲಿಸಿದರೆ ಸುಳ್ಳಾಗುತ್ತದೆ. ಕೊಯ್ಲು ಮುಗಿದ ದಿನ ಗೌಡ್ರಿಗೆ ಸಂಬಳದ ಜೊತೆ ಒಂದು ಕ್ವಾರ್ಟರ್ ಕೊಡುವುದು ನನ್ನ ರೂಢಿಯಾಗಿತ್ತು. ಅವರು ಶಿಬಿರದಿಂದ ಬಂದ ವರ್ಷವೂ ಕೊಟ್ಟೆ. ಬೇಡ ಅಂದರು. "ಒಂದು ದಿನಕ್ಕೆ ಏನಾಗ್ತದೆ" ಎಂದು ನಾಲ್ಕು ಜನರ ಎದುರು ಒತ್ತಾಯ ಮಾಡಿದೆ, ನಗಾಡಿದೆ. ಅವರು ಬಾಟಲಿಯನ್ನು ಕಟ್ಟೆಯ ಮೇಲೆ ಇಟ್ಟು ಹೋದರು. ಅದನ್ನು ನಾನೇ ಕುಡಿದೆ. ಒಬ್ಬ ಮನುಷ್ಯ ಕಷ್ಟಪಟ್ಟು ದಾಟಿಬಂದ ಹೊಳೆಗೆ ಅವನನ್ನು ಮತ್ತೆ ನೂಕಲು ನೋಡಿದ್ದೆ. ಅದೇ ಮನುಷ್ಯ ಆ ಮಳೆಯಲ್ಲಿ ಸಂಕ ದಾಟಿ ಬಂದರು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಎ.ಎ.ಯ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು ನಾವು ನೋಯಿಸಿದವರ ಪಟ್ಟಿ ಮಾಡುವುದು, ಒಂಬತ್ತನೆಯದು ಅವರ ಹತ್ತಿರ ಹೋಗಿ ಸರಿಪಡಿಸುವುದು. ನನ್ನ ಪಟ್ಟಿಯ ಮೊದಲ ಹೆಸರು ಅವರದು. ಹೋಗಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಆ ದಿನ ಮನೆಗೆ ಹೋಗಿ ಅತ್ತಿದ್ದೆ, ಹೌದು" ಅಂದರು. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಹೇಳದೇ ಇದ್ದದ್ದಕ್ಕೂ ನಾನು ಋಣಿ.

ಆಸ್ಪತ್ರೆಯಿಂದ ಬಂದಮೇಲೆ ಅವರೇ ತಮ್ಮ ನವಜೀವನ ಸಮಿತಿಗೆ ಕರೆದುಕೊಂಡು ಹೋದರು. ಶಿಬಿರ ಮುಗಿಸಿದವರು ಜಾರದಂತೆ ಒಬ್ಬರಿಗೊಬ್ಬರು ಆಗುವ ಕೂಟ ಅದು. ಎ.ಎ. ಸಭೆ ಹುಡುಕಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹುಡುಕುವುದೇ ಒಂದು ಕೆಲಸವಾಯಿತು. ಬೆಂಗಳೂರಿನಲ್ಲಿ, ಪಕ್ಕದ ಗೋವೆಯಲ್ಲಿ ಬೇಕಾದಷ್ಟು ಗುಂಪುಗಳಿವೆ. ನಮ್ಮದು ಕಾರವಾರದ ಕಡಲಿನಿಂದ ಮುಂಡಗೋಡಿನ ಬಯಲಿನವರೆಗೆ ಚಾಚಿದ ಜಿಲ್ಲೆ. ಫೋನಿನ ಮೇಲೆ ಫೋನು ಮಾಡಿ ಕೊನೆಗೆ ಸಿಕ್ಕಿದ್ದು ಘಟ್ಟದ ಕೆಳಗಿನ ಒಂದು ಪೇಟೆಯಲ್ಲಿ, ವಾರಕ್ಕೊಮ್ಮೆ, ಸಂಜೆ, ಆರೇಳು ಜನ. ದೇವಿಮನೆ ಘಟ್ಟ ಇಳಿದು ಹೋಗಬೇಕು. ಸಭೆ ಮುಗಿಯುವ ಹೊತ್ತಿಗೆ ಹತ್ತುವ ಬಸ್ಸಿಲ್ಲ. ಆ ಗುಂಪಿನ ಮೀನು ವ್ಯಾಪಾರದ ಒಬ್ಬರು ತಮ್ಮ ಜಗುಲಿಯಲ್ಲಿ ಎಷ್ಟು ರಾತ್ರಿ ನನಗೆ ಚಾಪೆ ಹಾಸಿಕೊಟ್ಟಿದ್ದಾರೋ ಲೆಕ್ಕವಿಲ್ಲ. ಅವರ ಮನೆಯವರಿಗೂ ನಮಸ್ಕಾರ.

ಹೊಸಬರಿಗೆ ಎ.ಎ.ಯಲ್ಲಿ ಹೇಳುವ ಮಾತು, 90 ದಿನಕ್ಕೆ 90 ಸಭೆ ಎಂದು. ನಮ್ಮಂಥ ಊರಿನವರು ಎಲ್ಲಿಗೆ ಹೋಗಬೇಕು? ಉಳಿದ ದಿನಗಳಲ್ಲಿ ಫೋನಿನ ಮೂಲಕ ನಡೆಯುವ ಕನ್ನಡ ಸಭೆಗೆ ಸೇರುತ್ತಿದ್ದೆ. ನೆಟ್‌ವರ್ಕ್ ಸಿಗುವುದು ಸೊಪ್ಪಿನ ಬೆಟ್ಟದ ತಲೆಯಲ್ಲಿ ಮಾತ್ರ. ಕೊಡೆ ಹಿಡಿದು, ಕಾಲಿಗೆ ಹತ್ತಿದ ಉಂಬಳ, ಅಂದರೆ ಜಿಗಣೆ, ಕಿತ್ತು ಒಗೆಯುತ್ತ, ಕಂಡಿರದ ಜನರ ಮಾತು ಕೇಳುತ್ತ ನಿಲ್ಲುತ್ತಿದ್ದೆ. ಕತ್ತಲಾಗಿ ತಿರುಗಿ ನೋಡಿದರೆ ಕೆಳಗೆ ದಾರಿಯಲ್ಲಿ ಗೌಡ್ರ ಬ್ಯಾಟರಿ ಕಾಣುತ್ತಿತ್ತು.

ಒಂದು ವರ್ಷ ತುಂಬಿದ್ದು 2024ರ ಜುಲೈಯಲ್ಲಿ. 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅಂಕೋಲೆ ಕಡೆಯ ನಮ್ಮ ಇಬ್ಬರು ಈಚೆ ಬರುವಂತಿರಲಿಲ್ಲ, ನಾನೂ ಘಟ್ಟ ಇಳಿಯಲಿಲ್ಲ. ಮಣ್ಣಿನಡಿ ಹೋದವರ ಸುದ್ದಿ ಕೇಳುತ್ತಿದ್ದ ವಾರ ನನ್ನ ಒಂದು ವರ್ಷದ ಮಾತು ಆಡಲು ಮನಸ್ಸೂ ಬರಲಿಲ್ಲ. ಆ ಸಂಜೆ ಗೌಡ್ರು ಬಂದು ಅಡಿಕೆ ಅಟ್ಟದ ಕೆಳಗೆ ಕೂತರು. ಆಗ ನನಗೆ ಸಭೆಯಲ್ಲಿ ಕೇಳಿದ್ದು ನೆನಪಾಯಿತು. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇದೆಲ್ಲ ಶುರುವಾದದ್ದೇ ಕುಡಿತದಲ್ಲಿ ಬೆಂದ ಇಬ್ಬರು ಒಂದು ಕಡೆ ಕೂತು ಮಾತಾಡಿದ್ದರಿಂದ. ಬಿಡುವ ಉದ್ದೇಶಕ್ಕೆ ಇಬ್ಬರು ಮೂವರು ಸೇರಿದರೂ ಅದು ಗುಂಪೇ ಎಂಬುದು ಎ.ಎ.ಯ ನಿಯಮ. ಫೀಸಿಲ್ಲ, ಜಾತಿ ಕೇಳುವುದಿಲ್ಲ, ಬಿಡಬೇಕೆಂಬ ಆಸೆಯೊಂದು ಇದ್ದರೆ ಸಾಕು.

ಅಂದಿನಿಂದ ಪ್ರತಿ ಭಾನುವಾರ ಅಟ್ಟದ ಕೆಳಗೆ ಕೂರುತ್ತೇವೆ. ಈಗ ಐದು ಜನ. ಒಬ್ಬ ಹುಡುಗ ಮೂರು ಸಲ ಬಂದು ಎರಡು ಸಲ ತಪ್ಪಿಸಿದ್ದಾನೆ. ಅವನ ಮನೆಯ ಕಡೆಯಿಂದ ಬ್ಯಾಟರಿ ಬೆಳಕು ಬಂದರೆ ಯಾರು ಹೋಗಬೇಕೆಂದು ಮಾತಾಗಿದೆ. ದೂರ ಇರುವವರು 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವುದು 14446. ನನಗೆ ಬರೆದರೂ ಆದೀತು, ಹತ್ತಿರದ ಸಭೆ ಹುಡುಕಿಕೊಡಲು ಓಡಾಡುತ್ತೇನೆ.

ಗೌಡ್ರು ಓದುವುದಿಲ್ಲ. ಇದನ್ನು ಅವರ ಮಗಳು ಓದಿ ಹೇಳುತ್ತಾಳೆ. ನಾಳೆ ಮಳೆ ಬಿಟ್ಟು ಹೊಳವಾದರೆ ಕೊಳೆ ಔಷಧಿಯ ಎರಡನೇ ಸುತ್ತು. ಮೈಲುತುತ್ತ ಕರಗಿಸಿಡಲು ಹೇಳಿದ್ದಾರೆ, ಏಳಬೇಕು.