ಹೆಸರು ಹೇಳದೆ ನೆರವಾದವರಿಗೆ

ನಮ್ಮ ಪೈಥಾನ್ ಪ್ರೋಗ್ರಾಮ್ ಕೆಲಸವನ್ನೆಲ್ಲ ಮುಗಿಸಿ ಹೊರಡುವ ಗಳಿಗೆಯಲ್ಲಿ ಕುಸಿಯುತ್ತಿತ್ತು. ಪ್ರತಿ ಸಲವೂ ಅಲ್ಲ. ಹುಡುಕಲು ಕೂತ ದಿನವಂತೂ ಸುಳಿವೇ ಇಲ್ಲ. ವಾರಗಟ್ಟಲೆ ನಾನು ದೋಷವನ್ನು ಪ್ರೋಗ್ರಾಮಿನ ಸಿ++ ಭಾಷೆಯಲ್ಲಿ ಬರೆದ ಭಾಗದಲ್ಲಿ ಹುಡುಕಿದೆ.

ದೋಷ ಇರುವುದು ಮುಕ್ತಾಯದ ಪೈಪೋಟಿಯಲ್ಲಿ, ಅಂದರೆ ಹೊರಡುವ ಹೊತ್ತಿನಲ್ಲಿ ಎರಡು ಕೆಲಸಗಳು ಒಂದಕ್ಕೊಂದು ಅಡ್ಡ ಬರುವುದರಲ್ಲಿ, ಎಂದು ತೋರಿಸಿದವರು ನೀವು. ಮುಖ್ಯ ಥ್ರೆಡ್ (ಪ್ರೋಗ್ರಾಮಿನೊಳಗೆ ಒಟ್ಟಿಗೆ ಸಾಗುವ ಕೆಲಸದ ಎಳೆಗಳಲ್ಲಿ ಮೊದಲನೆಯದು) ಮುಗಿದು, ಪೈಥಾನ್ ಕೋಡನ್ನು ನಡೆಸುವ ಇಂಟರ್‌ಪ್ರಿಟರ್ ತನ್ನನ್ನು ಕಳಚಿಕೊಳ್ಳುತ್ತಿರುವಾಗ, ಸಿ++ನಿಂದ ಮರಳಿದ ಡೀಮನ್ ಥ್ರೆಡ್ (ಮುಗಿಯಲಿ ಎಂದು ಪ್ರೋಗ್ರಾಮ್ ಕಾಯದ ಹಿನ್ನೆಲೆಯ ಎಳೆ) ಜಿಐಎಲ್ ಬೀಗ ಕೇಳುತ್ತದೆ; ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ನಡೆಸಲು ಬಿಡುವ ಬೀಗ ಅದು. ನಾವು ಬಳಸುತ್ತಿದ್ದ ಹಳೆಯ ಪೈಥಾನ್ ಆವೃತ್ತಿ ಆ ಥ್ರೆಡ್ಡನ್ನು ಅಲ್ಲಿಯೇ ಕೊನೆಗೊಳಿಸುತ್ತಿತ್ತು. ಲಿನಕ್ಸ್‌ನಲ್ಲಿ ಆಗ ಸಿ++ ಸ್ಟ್ಯಾಕ್ (ಇನ್ನೂ ಮುಗಿಯದ ಫಂಕ್ಷನ್ ಕರೆಗಳ ಸಾಲು) ಬಲವಂತವಾಗಿ ಬಿಚ್ಚಿಕೊಳ್ಳುತ್ತದೆ. ನಡುವೆ 'ನೋಎಕ್ಸೆಪ್ಟ್' ಎಂದು ಗುರುತಿಸಿದ, ಅಂದರೆ ಇಂಥ ಬಿಚ್ಚುವಿಕೆ ತನ್ನನ್ನು ದಾಟಲು ಬಿಡದ, ಫಂಕ್ಷನ್ ಸಿಕ್ಕರೆ ಇಡೀ ಪ್ರೋಗ್ರಾಮ್ ನೆಲಕಚ್ಚುತ್ತದೆ. ಪೈಥಾನ್ 3.14ರಿಂದ ಅಂಥ ಥ್ರೆಡ್ಡನ್ನು ಕೊಲ್ಲದೆ, ಇದ್ದಲ್ಲಿಯೇ ತಡೆದು ನಿಲ್ಲಿಸಲಾಗುತ್ತದೆ ಎಂದೂ ತಿಳಿಸಿದಿರಿ.

ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ ಎಂದಿರಿ. ಡೀಮನ್ ಗುರುತು ತೆಗೆದು, ನಿಲ್ಲುವ ಸೂಚನೆಗೆ ಒಂದು ಇವೆಂಟ್ (ಥ್ರೆಡ್ ನೋಡಿಕೊಳ್ಳುವ ಬಾವುಟದಂಥದ್ದು) ಇಟ್ಟು, ಹೊರಡುವ ಮುನ್ನ ಜಾಯಿನ್ ಮಾಡಿ, ಅಂದರೆ ಆ ಥ್ರೆಡ್ ಮುಗಿಯುವವರೆಗೆ, ಕಾಯುವಂತೆ ಹೇಳಿದಿರಿ. ಹಾಗೆಯೇ ಮಾಡಿದೆವು, ಕುಸಿತ ನಿಂತಿತು.

ನನ್ನ ಅರೆಬರೆ ದಾಖಲೆಗಳನ್ನು ಸಾಲುಸಾಲಾಗಿ ಓದಿದ ನಿಮ್ಮ ತಾಳ್ಮೆಯನ್ನು ನಾನು ಮರೆಯುವುದಿಲ್ಲ. ನೀವು ಯಾರೇ ಆಗಿರಿ, ಮನಸಾರೆ ಧನ್ಯವಾದಗಳು.