ಹೆಚ್ಚಾದ ಅಕ್ಕಿ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಕರಡು ಎರಡು ಸಲ ಓದಿದೆ. ಕಲ್ಯಾಣದ ಪೇಟೆಬೀದಿ ಚೆನ್ನಾಗಿ ಬಂದಿದೆ. ಆದರೆ ನಿನ್ನ ಶರಣ ನನಗೆ ಹಿಡಿಸಲಿಲ್ಲ. ಅವನು ಊಟವನ್ನೇ ಮಾಡುವುದಿಲ್ಲವಲ್ಲೇ! ಮುನ್ನೂರು ಪುಟದಲ್ಲಿ ಒಂದು ತುತ್ತೂ ಅವನ ಬಾಯಿಗೆ ಹೋಗಿಲ್ಲ. ಬಿಜ್ಜಳನ ಅರಮನೆಯವರು ಮಾತ್ರ ತಿನ್ನುತ್ತಲೇ ಇರುತ್ತಾರೆ. ತಿನ್ನುವವರೆಲ್ಲ ಕೆಟ್ಟವರು, ಬಿಟ್ಟವರೆಲ್ಲ ಒಳ್ಳೆಯವರು. ಇಷ್ಟು ಸಲೀಸಾಗಿದ್ದರೆ ಆ ಕಾಲದಲ್ಲಿ ಅಷ್ಟು ಜನ ಕೂತು ಅಷ್ಟೊಂದು ವಚನ ಹೇಳಬೇಕಾಗಿರಲಿಲ್ಲ, ಅಲ್ವಾ?

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ನನ್ನ ಮೊದಲ ಕತೆಯಲ್ಲೂ ಇಂಥವನೇ ಒಬ್ಬ ಸನ್ಯಾಸಿ ಇದ್ದ. ಪತ್ರಿಕೆಯವರು ಕತೆಯನ್ನು ವಾಪಸು ಕಳಿಸಿದರು. ಮೇಲೆ ಪೆನ್ಸಿಲಿನಲ್ಲಿ ಒಂದೇ ಸಾಲು: 'ಇವನು ಬಿಟ್ಟದ್ದು ಏನನ್ನು?' ಆವತ್ತು ಸಿಟ್ಟು ಬಂದಿತ್ತು. ಆಮೇಲೆ ಪಂಪನನ್ನು ಓದುವಾಗ ಆ ಪ್ರಶ್ನೆ ಅರ್ಥವಾಯಿತು.

'ಆದಿಪುರಾಣ' ತೆಗೆದು ನೋಡು. 941ರ ಕೃತಿ. ಎಲ್ಲವನ್ನೂ ಬಿಟ್ಟು ಹೊರಟ ಮೊದಲ ತೀರ್ಥಂಕರನ ಕತೆ. ಆದರೆ ಬಿಡುವ ಜಾಗಕ್ಕೆ ಬರುವ ಮೊದಲು ಪಂಪ ಎಷ್ಟು ನಿಧಾನ ಮಾಡುತ್ತಾನೆ! ಜನ್ಮದ ಮೇಲೆ ಜನ್ಮ ಭೋಗವೇ. ನೀಲಾಂಜನೆಯ ಕುಣಿತ ಎಲ್ಲರಿಗೂ ಗೊತ್ತು, ಪಾಠದಲ್ಲಿ ಬಂದಿರುತ್ತದೆ. ನನ್ನನ್ನು ಅದಕ್ಕಿಂತ ಜಾಸ್ತಿ ಕಾಡುವುದು ವಜ್ರಜಂಘ ಮತ್ತು ಶ್ರೀಮತಿಯರ ಸಾವು. ಈ ವಜ್ರಜಂಘ ಅದೇ ತೀರ್ಥಂಕರನ ಹಿಂದಿನ ಒಂದು ಜನ್ಮ. ಗಂಡ ಹೆಂಡತಿ ಅಪ್ಪಿಕೊಂಡು ಮಲಗಿದ್ದಾರೆ. ಕೋಣೆಯಲ್ಲಿ ಅಗರುಧೂಪ ಹಾಕಿದೆ. ಹೊಗೆ ಹೋಗುವ ಕಿಟಕಿ ತೆರೆಯುವುದು ಮರೆತುಹೋಗಿದೆ. ಆ ಪರಿಮಳವೇ ಇಬ್ಬರ ಉಸಿರು ಕಟ್ಟಿಸುತ್ತದೆ. ಪಂಪ ಅಲ್ಲಿ ಬುದ್ಧಿಮಾತು ಹೇಳುವುದಿಲ್ಲ ಅಂತೇನಿಲ್ಲ, ಹೇಳುತ್ತಾನೆ. ಆದರೆ ಅಷ್ಟು ಹೊತ್ತಿಗೆ ಧೂಪದ ವಾಸನೆ ನಮ್ಮ ಮೂಗಿಗೂ ಬಡಿದಿರುತ್ತದೆ. ನಿನ್ನ ಅರಮನೆಯಲ್ಲಿ ಯಾವ ವಾಸನೆಯೂ ಇಲ್ಲ. ಬೈಗುಳ ಮಾತ್ರ ಇದೆ.

ಇದೇ ಪಂಪ ಬನವಾಸಿಯನ್ನು ನೆನೆಯುವಾಗ 'ಚಾಗದ ಭೋಗದಕ್ಕರದ ಗೇಯದ ಗೊಟ್ಟಿ' ಅನ್ನುತ್ತಾನೆ. ಚಾಗ, ಭೋಗ, ಅಕ್ಷರ, ಹಾಡು ಇವುಗಳ ಕೂಟ ಅಂತ. ಚಾಗ, ಭೋಗ ಎರಡನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತಾನೆ. ಹೇಗೆ ಸಾಧ್ಯ ಅಂತ ನನಗೆ ಬಹಳ ದಿನ ತಲೆ ತಿಂದಿತ್ತು. ಚಾಗ ಅಂದರೆ ತ್ಯಾಗವೇ. ಆದರೆ ಅಲ್ಲಿ ಅದಕ್ಕೆ ಕೊಡುವುದು, ಕೈ ಬಿಚ್ಚುವುದು ಅಂತ ಅರ್ಥ. ಉಂಡವನೇ ಕೊಡುತ್ತಾನೆ, ಕೊಟ್ಟವನೇ ಹಾಡು ಕೇಳುತ್ತಾನೆ. ನಾವು ಈಗ ತ್ಯಾಗ ಅಂದ ಕೂಡಲೇ ಮುಖ ಸಣ್ಣ ಮಾಡಿಕೊಳ್ಳುತ್ತೇವೆ.

ಒಂದು ಸಲ ಶ್ರವಣಬೆಳಗೊಳಕ್ಕೆ ಹೋಗಿ ಬಾ. ದೊಡ್ಡ ಬೆಟ್ಟ ಇಳಿದು ಚಿಕ್ಕ ಬೆಟ್ಟವನ್ನೂ ಹತ್ತು. ಅಲ್ಲಿ ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ ಬಸದಿ ಇದೆ. ಒಳಗೆ ಶಾಂತಿನಾಥ, ಎಲ್ಲ ತೊರೆದವನು. ಬಸದಿಯ ಹೆಸರು ಸವತಿಗಂಧವಾರಣ! ಸವತಿಯರ ಪಾಲಿಗೆ ಮದ್ದಾನೆ ಅಂತ. ಅದು ರಾಣಿಯ ಬಿರುದು. ಮೊದಲ ಸಲ ಕೇಳಿದಾಗ ನಕ್ಕುಬಿಟ್ಟೆ. ಆದರೆ ಅದೇ ಮನೆಯ ಕತೆ ಮುಂದೆ ಹೀಗಿದೆ. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಅನ್ನ ಬಿಟ್ಟು ದೇಹ ಬಿಟ್ಟಳು ಎನ್ನುತ್ತದೆ ಶಾಸನ. ಮಗಳ ಬಿರುದು, ತಾಯಿಯ ಉಪವಾಸ ಎರಡೂ ಒಂದೇ ಬೆಟ್ಟದ ಕಲ್ಲಿನ ಮೇಲೆ. ಇದರಲ್ಲಿ ಯಾವುದು ನಿಜ ಅಂತ ಕೇಳಿದರೆ ಏನು ಹೇಳುತ್ತೀಯ? ಎದುರು ಬೆಟ್ಟದ ಗೊಮ್ಮಟನೂ ಹಾಗೆಯೇ. ಮೈಮೇಲೆ ಬಳ್ಳಿ ಹಬ್ಬಿದರೂ ಕದಲದ ಆ ಬೆತ್ತಲೆ ಮುನಿಗೆ ಹನ್ನೆರಡು ವರ್ಷಕ್ಕೊಮ್ಮೆ ನಾವು ಹಾಲು, ಕಬ್ಬಿನ ಹಾಲು, ಅರಿಸಿನ, ಚಂದನ ಸುರಿಯುತ್ತೇವೆ.

ಬಿಟ್ಟವರ ಗುಡಿ ಕಟ್ಟಲು ಇದ್ದವರ ಹಣವೇ ಬೇಕು. ಈ ಇಕ್ಕಟ್ಟು ಎಲ್ಲ ಧರ್ಮಕ್ಕೂ ಇತ್ತು. ಆ ಬಸದಿ ಎದ್ದ ಕೆಲವೇ ದಶಕಗಳಲ್ಲಿ, ಕಲ್ಯಾಣದಲ್ಲಿ, 'ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡುವೆ ಬಡವನಯ್ಯಾ' ಎಂಬ ಮಾತು ಹುಟ್ಟಿತು. ನೀನು ಈ ಸಾಲನ್ನು ನಾಲ್ಕು ಕಡೆ ಹಾಕಿದ್ದೀಯ, ಒಂದು ಸಾಕು. ಆದರೆ ಅದೇ ಬಸವಣ್ಣನವರ ಇನ್ನೊಂದು ಮಾತು ನಿನ್ನ ಕಣ್ಣಿಗೆ ಬಿದ್ದಿಲ್ಲ: 'ಇಂದ್ರಿಯ ನಿಗ್ರಹವ ಮಾಡಿದಡೆ ಹೊಂದುವವು ದೋಷಂಗಳು.' ಗಂಡ ಹೆಂಡಿರ ಸುಖ ಬಿಡಬೇಕಿಲ್ಲ, ಪರಧನಕ್ಕೂ ಪರಸತಿಗೂ ಕೈ ಚಾಚಬೇಡ ಅನ್ನುತ್ತದೆ ಆ ವಚನ. ಶರಣರಲ್ಲಿ ಬಹಳ ಮಂದಿ ಸಂಸಾರಸ್ಥರು. ಒಲೆ ಉರಿಯುತ್ತಿದ್ದ ಮನೆಗಳು ಅವು.

ಹಾಗಾಗಿ ಆಯ್ದಕ್ಕಿ ಲಕ್ಕಮ್ಮನನ್ನು ನೀನು ಹೇಗೆ ಬಿಟ್ಟೆ ಅಂತಲೇ ನನಗೆ ಆಶ್ಚರ್ಯ. ರಾಯಚೂರು ಕಡೆಯ ಅಮರೇಶ್ವರದಿಂದ ಬಂದ ದಂಪತಿ. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಾನೆ. ಅದರಲ್ಲೇ ದಾಸೋಹ. ಒಂದು ದಿನ ರೂಢಿಗಿಂತ ಜಾಸ್ತಿ ಅಕ್ಕಿ ಸಿಗುತ್ತದೆ, ತರುತ್ತಾನೆ. ಲಕ್ಕಮ್ಮ ನೋಡಿದವಳೇ ಕೇಳುತ್ತಾಳೆ: 'ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ? ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.' ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅನ್ನುತ್ತಾಳೆ.

ನೀನೇ ಯೋಚಿಸು. ಅಲ್ಲಿ ಅರಮನೆ ಇಲ್ಲ, ಸೂಳೆಗೇರಿ ಇಲ್ಲ, ಹೆಂಡ ಇಲ್ಲ. ಇರುವುದು ನೆಲದಿಂದ ಆಯ್ದ ಅಕ್ಕಿ. ಅದನ್ನು ಅವನು ತಂದದ್ದು ತನ್ನ ಹೊಟ್ಟೆಗೂ ಅಲ್ಲ. ಇನ್ನೂ ನಾಲ್ಕು ಜನ ಜಂಗಮರಿಗೆ ಬಡಿಸೋಣ ಅಂತ ಇದ್ದರೂ ಇರಬಹುದು. ಬಡಿಸುವ ಆಸೆಯೂ ಆಸೆಯೇ ಅಂತ ಹೆಂಡತಿಗೆ ಗೊತ್ತು. ಎಷ್ಟು ಸಾಕು ಅನ್ನುವ ಜಗಳ ಅದು, ಅದೂ ಹೊಸ್ತಿಲ ಮೇಲೆ. ಆ ಒಂದು ಬೊಗಸೆ ಅಕ್ಕಿಯ ಮುಂದೆ ನಿನ್ನ ಅರಮನೆಯ ಇಡೀ ಅಧ್ಯಾಯ ಸಪ್ಪೆ. ಅಂದಹಾಗೆ 'ಕಾಯಕವೇ ಕೈಲಾಸ' ಈ ಮಾರಯ್ಯನ ವಚನದ ಮಾತು. ನೀನೂ ಎಲ್ಲರ ಹಾಗೆ ಬಸವಣ್ಣನವರ ಬಾಯಲ್ಲಿ ಇಟ್ಟಿದ್ದೀಯ. ತಿದ್ದು.

ಇನ್ನು ಅಕ್ಕಮಹಾದೇವಿಯ ಭಾಗ. ಬಟ್ಟೆ ಬಿಟ್ಟು ಬಂದವಳು ಕೂದಲಿನಿಂದ ಯಾಕೆ ಮುಚ್ಚಿಕೊಂಡೆ ಅಂತ ಅಲ್ಲಮ ಕೇಳುತ್ತಾನಲ್ಲ, ಅಲ್ಲಿ ನಿನ್ನ ಅಕ್ಕ ಎರಡು ಪುಟ ಭಾಷಣ ಮಾಡುತ್ತಾಳೆ. ಅವಳ ಉತ್ತರ ಹಣ್ಣಿನದು: 'ಫಲ ಒಳಗೆ ಪಕ್ವವಾಗಿಯಲ್ಲದೆ ಹೊರಗಣ ಸಿಪ್ಪೆ ಒಪ್ಪಗೆಡದು.' ಆಮೇಲೆ, ನಿಮಗೆ ನೋವಾದೀತು ಅಂತ ಮುಚ್ಚಿದೆ, ಕಾಡಬೇಡಣ್ಣಾ ಅನ್ನುತ್ತಾಳೆ. ವಿರಾಗಿಯ ಬಾಯಲ್ಲಿ ಮಾಗಿದ ಹಣ್ಣು! ಇದು ಹಣ್ಣಿನ ರುಚಿ ಗೊತ್ತಿದ್ದವಳ ಮಾತು. ಭಾಷಣ ತೆಗೆದುಹಾಕು. ಅಲ್ಲಮನೂ ಸುಮ್ನೆ ಅವಳನ್ನು ಕೂರಿಸಿ ಪೂಜೆ ಮಾಡಲಿಲ್ಲ, ಕೆಣಕಿದ. ಸುಧಾರಕರು ಹೊರಗಿನವರ ಜೊತೆ ಮಾತ್ರ ಜಗಳವಾಡಿದರು ಅಂತ ತೋರಿಸಿದರೆ ಅರ್ಧ ಸುಳ್ಳು.

ನನ್ನ ಅಜ್ಜಿ ಏಕಾದಶಿಗೆ ಉಪವಾಸ ಇರುತ್ತಿದ್ದರು. ಅನ್ನ ಮುಟ್ಟುತ್ತಿರಲಿಲ್ಲ, ಪಲಾರ ಮಾತ್ರ. ಆ ಪಲಾರ ಅಂದರೆ ಒಗ್ಗರಣೆ ಅವಲಕ್ಕಿ, ತುಪ್ಪ ಸೋರುವ ಸಜ್ಜಿಗೆ, ಬಾಳೆಹಣ್ಣಿನ ರಸಾಯನ. ಉಪವಾಸದ ದಿನವೇ ನಮ್ಮ ಅಡುಗೆಮನೆಗೆ ಜಾಸ್ತಿ ಕೆಲಸ. ಹುಡುಗನಾಗಿದ್ದಾಗ ಇದು ಬರೀ ಬೂಟಾಟಿಕೆ ಅಂತ ಮನೆಯಲ್ಲಿ ವಾದ ಮಾಡಿದ್ದೆ. ಅಜ್ಜಿ ಸಜ್ಜಿಗೆಯ ತಟ್ಟೆ ನನ್ನ ಕಡೆ ತಳ್ಳಿ, 'ನೀನು ತಿನ್ನು, ನಾನು ಬರೀ ಹಾಲು ಕುಡೀತೀನಿ' ಅಂದರು. ಮಾಡಿದ್ದೆಲ್ಲ ನಮಗಾಗಿಯೇ ಅಂತ ಆವತ್ತು ಗೊತ್ತಾಯಿತು. ತಟ್ಟೆ ಮಾತ್ರ ನಾನು ಖಾಲಿ ಮಾಡಿದೆ.

ಏಳನೇ ಅಧ್ಯಾಯವನ್ನು ಮೊದಲು ತಿದ್ದಿ ಕಳಿಸು. ನಿನ್ನ ಶರಣನ ಮನೆಯಲ್ಲಿ ಅವತ್ತು ರಾತ್ರಿ ಏನು ಅಡುಗೆ, ಯಾರು ಮಾಡಿದರು, ಯಾರಿಗೆ ಸಾಲಲಿಲ್ಲ ಅನ್ನುವುದು ನನಗೆ ಗೊತ್ತಾಗಬೇಕು.

ನಿನ್ನ ಅಣ್ಣ